ಹದಿನೇಳನೇ ನಂಬರಿನ ಕರಿಬಸವರಾಜ

ಕರಿಬಸವರಾಜ ಬದನೆಕಾಯಿ ಕೊಳ್ಳುವುದನ್ನು ಒಮ್ಮೆ ನೋಡಿದವರು ಮತ್ತೆ ಅವನ ಜೊತೆ ಮಾರ್ಕೆಟ್ಟಿಗೆ ಹೋಗುತ್ತಿರಲಿಲ್ಲ. ಒಂದೊಂದು ಕಾಯಿಯನ್ನೂ ಬೆಳಕಿಗೆ ಹಿಡಿಯುವುದು, ತೊಟ್ಟಿನಿಂದ ಬುಡದವರೆಗೆ ಹೆಬ್ಬೆರಳು ಆಡಿಸುವುದು, ‘ರಿಜೆಕ್ಟ್’ ಎಂದು ಪಕ್ಕಕ್ಕಿಡುವುದು. ಅರ್ಧ ಕೆಜಿಗೆ ಇಪ್ಪತ್ತು ನಿಮಿಷ. ವಿನೋಬನಗರದಲ್ಲಿ ತಳ್ಳುಗಾಡಿ ನಿಲ್ಲಿಸುತ್ತಿದ್ದ ನೀಲಕ್ಕ ಒಂದು ದಿನ ತಡೆಯಲಾರದೆ, “ಯಣ್ಣಾ, ಇವನ್ನ ಎಣ್ಣಿಗಾಯಿ ಮಾಡ್ತೀಯೋ, ಪಂಪಿಗೆ ಜೋಡಿಸ್ತೀಯೋ?” ಎಂದು ಕೇಳಿದಳು. ಕರಿಬಸವರಾಜ ನಗಲಿಲ್ಲ. “ಯಾವ್ದಕ್ಕಾದ್ರೂ ಆಗ್ಲಿ ಅಕ್ಕಾ, ಹುಳ ಇರಬಾರ್ದು” ಎಂದ.

ನಮ್ಮೂರಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಆಗ ಪಂಪು ತಯಾರಿಸುವ ಒಂದು ಕಾರ್ಖಾನೆ ಇತ್ತು. ಈಗ ಅಲ್ಲಿ ಗೋದಾಮು ಇದೆ. ಇಪ್ಪತ್ತೆರಡು ವರ್ಷ ಅವನು ಅಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಅವನಿಗೆ ಹೆದರುತ್ತಿದ್ದದ್ದು ಮನುಷ್ಯರಿಗಿಂತ ಹೆಚ್ಚಾಗಿ ಕಬ್ಬಿಣದ ಸಾಮಾನುಗಳು. ಪಂಪಿನೊಳಗೆ ತಿರುಗುವ ಚಕ್ರವನ್ನು ಅಳೆದು, ಸರಿ ಇದ್ದರೆ ಅದರ ಮೇಲೆ ತನ್ನ ನಂಬರು ಒತ್ತುವುದು ಅವನ ಕೆಲಸ. ಪ್ರತಿ ಇನ್‌ಸ್ಪೆಕ್ಟರಿಗೂ ಒಂದು ಉಕ್ಕಿನ ಪಂಚು, ಪಂಚಿನ ತುದಿಗೆ ಒಂದು ನಂಬರು, ಸುತ್ತಿಗೆಯಲ್ಲಿ ಹೊಡೆದರೆ ಕಬ್ಬಿಣದ ಮೇಲೆ ಮೂಡುತ್ತಿತ್ತು. ಕರಿಬಸವರಾಜನದು ಹದಿನೇಳು. ಬೇರೆಯವರು ಪಂಚನ್ನು ಡ್ರಾಯರಿನಲ್ಲಿ ಇಡುತ್ತಿದ್ದರು, ಅದರಲ್ಲೇ ಕಿವಿ ಕೆರೆದುಕೊಳ್ಳುತ್ತಿದ್ದರು. ಇವನು ಮಾತ್ರ ಅದಕ್ಕೆ ತೂತು ಕೊರೆಸಿ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಬಿಚ್ಚಿ, ತೊಳೆದು, ಪೂಜೆಯ ತಟ್ಟೆಯಲ್ಲಿಟ್ಟು ಮನೆಗೆ ಹೋಗುತ್ತಿದ್ದ. ಪೂಜೆಗೆ ಕೂರಿಸಿದ ಆಯುಧವನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟಬಾರದು. ಅದು ನಮ್ಮ ಕಡೆಯ ಪದ್ಧತಿ.

ನಾನು ಅದೇ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಯಾರು ಎಷ್ಟು ತಡವಾಗಿ ಬಂದರು ಎಂದು ಬರೆದುಕೊಳ್ಳುವ ಕೆಲಸ. ಆ ಅಭ್ಯಾಸವೇ ಮುಂದೆ ನನ್ನನ್ನು ಪತ್ರಿಕೆಗೆ ಹಾಸ್ಯ ಬರೆಯುವವನನ್ನಾಗಿ ಮಾಡಿತು. ಕರಿಬಸವರಾಜ ಒಂದು ದಿನವೂ ತಡವಾಗಿ ಬಂದವನಲ್ಲ. ಆದ್ದರಿಂದ ಅವನ ಬಗ್ಗೆ ಇಷ್ಟು ವರ್ಷ ನಾನೇನೂ ಬರೆಯಲಿಲ್ಲ.

ಎರಡು ಸಾವಿರದ ಒಂಬತ್ತರ ಕೊನೆಗೆ, ದಸರೆ ಮುಗಿದು ಮೂರು ತಿಂಗಳಾದ ಮೇಲೆ, ಗಿರಾಕಿಯೊಬ್ಬರಿಂದ ಅರವತ್ನಾಲ್ಕು ಚಕ್ರಗಳು ವಾಪಸ್ಸು ಬಂದವು. ನಡುವಿನ ತೂತು ದೊಡ್ಡದಾಗಿತ್ತು. ಅರವತ್ನಾಲ್ಕರ ಮೇಲೂ ಹದಿನೇಳು ಎಂದು ಒತ್ತಿತ್ತು. ಕರಿಬಸವರಾಜ ಒಂದೊಂದನ್ನೂ ಎತ್ತಿ ನೋಡಿದ. ತನ್ನ ರಿಜಿಸ್ಟರು ತೆಗೆದ. ಆ ಲಾಟು, ಅಂದರೆ ಆ ಅರವತ್ನಾಲ್ಕರ ಕಂತು, ಅದರಲ್ಲಿ ಇರಲೇ ಇಲ್ಲ. ನಿಮಗೆ ನನಗೆ ಅಷ್ಟು ಸಾಕು: ರಿಜಿಸ್ಟರಿನಲ್ಲಿ ಇಲ್ಲ, ಅಂದರೆ ನಾನು ನೋಡಿದ್ದಲ್ಲ ಎಂದು ಯೂನಿಯನ್ನಿಗೆ ಹೋಗಿ ಗದ್ದಲ ಮಾಡುತ್ತಿದ್ದೆವು. ಅವನು ಹಾಗೆ ಯೋಚಿಸುವ ಪೈಕಿ ಅಲ್ಲ. “ಗುರುತು ನಂದೈತೆ. ಅಂದಮ್ಯಾಲೆ ಕಣ್ಣೂ ತಪ್ಪೈತೆ, ಬರಿಯೋದೂ ತಪ್ಪೈತೆ. ಎರಡು ತಪ್ಪು” ಎಂದ. ಯಾರೂ ಕೇಳದಿದ್ದರೂ ರಾಜೀನಾಮೆ ಬರೆದ. ಉಡಿದಾರದಿಂದ ಪಂಚು ಬಿಚ್ಚಿ ಮ್ಯಾನೇಜರ ಮೇಜಿನ ಮೇಲಿಟ್ಟು ಬಂದ.

ಕೆಲಸ ಹೋದದ್ದು ದೊಡ್ಡದಲ್ಲ. ಪಿ.ಜೆ. ಬಡಾವಣೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿತು. ಹೋದದ್ದು ಕಣ್ಣಿನ ಮೇಲಿನ ನಂಬಿಕೆ. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ವಾಪಸ್ಸು ಬಂದು ಜಗ್ಗಿ ನೋಡುತ್ತಿದ್ದ. ಗ್ಯಾಸು ಆರಿದೆಯೋ ಇಲ್ಲವೋ ಎಂದು ಹೆಂಡತಿ ಆಶಾರಾಣಿಯನ್ನು ಕರೆದು ತೋರಿಸುತ್ತಿದ್ದ. ತಾನು ನೋಡಿದ್ದು ಲೆಕ್ಕಕ್ಕಿಲ್ಲ. ಬದನೆಕಾಯಿ ಆರಿಸುವುದನ್ನೂ ಬಿಟ್ಟ. ನೀಲಕ್ಕ ಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ. ಮಗಳು ಭವ್ಯಾಳನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಹುಡುಗ ಹೇಗೆ ಎಂದು ಎಲ್ಲರೂ ಇವನ ಮುಖ ನೋಡಿದರೆ, “ನನ್ನ ಕೇಳಬ್ಯಾಡ್ರಪ್ಪ, ನಾ ಪಾಸ್ ಮಾಡಿದ್ದು ವಾಪಸ್ ಬರ್ತಾವೆ” ಎಂದು ಎದ್ದು ಹಿತ್ತಲಿಗೆ ಹೋದ.

ಅರವತ್ತಕ್ಕೆ ಎರಡು ವರ್ಷ ಮುಂಚೆ ಮರೆವು ಶುರುವಾಯಿತು. ಮೊದಲು ಚಪ್ಪಲಿ ಬಿಟ್ಟ ಜಾಗ, ಆಮೇಲೆ ಅಂಗಡಿಯ ದಾರಿ, ಆಮೇಲೆ ಮೊಮ್ಮಗನ ಹೆಸರು. ಡಾಕ್ಟರು ಮೆದುಳಿನ ಚಿತ್ರ ತೋರಿಸಿ, ಇದು ವಾಸಿಯಾಗುವ ರೋಗವಲ್ಲ ಎಂದರು. ವಿಚಿತ್ರವೆಂದರೆ ಎಲ್ಲ ಮರೆತರೂ ಒಂದು ಮಾತ್ರ ಉಳಿಯಿತು. ಹಾಲಿನವನನ್ನು, ಮೀಟರ್ ನೋಡಲು ಬಂದವನನ್ನು, ಗೋಡೆಯ ಕ್ಯಾಲೆಂಡರನ್ನು ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ: “ಆ ಲಾಟು ನಾನ ಪಾಸ್ ಮಾಡಿದ್ನಾ?” ಆಶಾರಾಣಿ ಇಲ್ಲ ಎಂದರೆ, “ಮತ್ತೆ ಗುರುತು?” ಎನ್ನುತ್ತಿದ್ದ.

ಅದಕ್ಕೆ ಉತ್ತರ ಇದ್ದದ್ದು ಗುರುಮೂರ್ತಿಯ ಬಳಿ.

ಗುರುಮೂರ್ತಿ ಆಗ ನಮ್ಮ ಶಿಫ್ಟ್ ಸೂಪರ್‌ವೈಸರ್. ಈಗ ಮಾಜಿ ನೌಕರರ ಸಂಘದ ಅಧ್ಯಕ್ಷ. ಸಂಘದಲ್ಲಿ ಹನ್ನೊಂದು ಜನ ಇದ್ದೇವೆ, ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹದಿನಾಲ್ಕು ಪದವಿಗಳಿವೆ. ಹೋದ ವರ್ಷದ ಹಿಂದಿನ ವರ್ಷದ ನವೆಂಬರಿನಲ್ಲಿ ಅವನು ನನ್ನನ್ನೂ ವೆಲ್ಡರ್ ಶಬ್ಬೀರನನ್ನೂ ಚಹಾಕ್ಕೆ ಕರೆದ. ಅವನಾಗಿ ಚಹಾ ಕುಡಿಸುತ್ತೇನೆ ಎಂದಾಗಲೇ ನಮಗೆ ಗಾಬರಿಯಾಗಿತ್ತು. ಅರ್ಧ ಕಪ್ಪು ಕುಡಿದು ಹೇಳಿದ. ಆ ವರ್ಷ ಆಯುಧಪೂಜೆ ಮುಗಿದು ಎಲ್ಲರೂ ಮಂಡಕ್ಕಿ, ಬಾಳೆಹಣ್ಣು ತೆಗೆದುಕೊಂಡು ಹೋದ ಮೇಲೆ ಗೇಟಿನಲ್ಲಿ ಲಾರಿ ನಿಂತಿತ್ತು. ಮೇಲಿನವರ ಫೋನು: ಲಾಟು ಇವತ್ತೇ ಹೋಗಬೇಕು. ಇವನು ಪೂಜೆಯ ತಟ್ಟೆಯಿಂದ ಹದಿನೇಳನೇ ನಂಬರಿನ ಪಂಚು ತೆಗೆದುಕೊಂಡ. ಅರಿಶಿನ ಕುಂಕುಮ ಹಚ್ಚಿದ್ದ ಹಾಗೆಯೇ ಅರವತ್ನಾಲ್ಕು ಸಲ ಹೊಡೆದ. ಚೀಟಿಗೆ ಹಿಂದಿನ ದಿನದ ತಾರೀಖು ಹಾಕಿದ. ಪಂಚನ್ನು ಹೂವಿನ ಕೆಳಗೆ ಮೊದಲಿದ್ದಂತೆಯೇ ಇಟ್ಟ.

ಶಬ್ಬೀರ್ ಕಪ್ಪನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಹದಿನೈದು ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದೆಲ್ಲೋ, ಅಜೀರ್ಣ ಆಗ್ಲಿಲ್ಲೇನು?” ಎಂದ.

“ಹೇಳಬೇಕು ಅಂತ ಎಷ್ಟ್ ಸಲ...”

“ಈಗ ಹೇಳು. ಅಂವ ಪೂರ್ತಿ ಮರ್ತ ಮ್ಯಾಲೆ ಯಾರಿಗೆ ಹೇಳ್ತಿ, ನಿನ್ ಸಂಘಕ್ಕಾ?”

“ಹೇಳ್ತೀನಿ. ಆದ್ರೆ ಅವನ ಮನ್ಯಾಗ, ಆಶಕ್ಕನ ಮುಂದೆ, ನನ್ನ ಕೈಲಾಗಲ್ಲ.”

ಹಾಗೆ ಹೊಳೆಯ ಪ್ರಯಾಣ ನಿಶ್ಚಯವಾಯಿತು. ಹರಿಹರದಿಂದ ಕುರುವತ್ತಿಯವರೆಗೆ ತುಂಗಭದ್ರೆಯಲ್ಲಿ ಹರಿಗೋಲಿನಂಥ ದುಂಡು ತೆಪ್ಪದಲ್ಲಿ ಮೂರು ದಿನ ಹೋಗಬೇಕೆಂಬುದು ಕರಿಬಸವರಾಜನ ಹಳೆಯ ಆಸೆ. ಅವನು ಹೊಳೆದಂಡೆಯ ಹಳ್ಳಿಯವನು. ಇಪ್ಪತ್ತು ವರ್ಷ ನಮ್ಮನ್ನೆಲ್ಲ ಹೊರಡಿಸಿ, ಪ್ರತಿ ವರ್ಷವೂ ನೀರು ಹೆಚ್ಚು, ನೀರು ಕಡಿಮೆ, ತೆಪ್ಪ ಸರಿಯಿಲ್ಲ ಎಂದು ರಿಜೆಕ್ಟ್ ಮಾಡಿದವನೂ ಅವನೇ. ಈಗ ರಿಜೆಕ್ಟ್ ಮಾಡುವ ಶಕ್ತಿ ಅವನಿಗಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಹರಿಹರದ ಸೇತುವೆಯ ಕೆಳಗೆ ಸೇರಿದೆವು. ಗುರುಮೂರ್ತಿ ಬ್ಯಾನರ್ ಮಾಡಿಸಿ ತಂದಿದ್ದ: ‘ತುಂಗಭದ್ರಾ ಜಲಯಾನ – ನೇತೃತ್ವ: ಶ್ರೀ ಗುರುಮೂರ್ತಿ’. ಪಕ್ಕದಲ್ಲಿ ಅವನದೇ ಫೋಟೋ, ಹೊಳೆಯದ್ದು ಇರಲಿಲ್ಲ. ಆಶಾರಾಣಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ನನ್ನ ಕೈಗೆ ಕೊಟ್ಟರು. ಮಾತ್ರೆಗಳನ್ನು ಹೊತ್ತಿಗೊಂದರಂತೆ ಪೊಟ್ಟಣ ಕಟ್ಟಿ ಶಬ್ಬೀರನಿಗೆ ಕೊಟ್ಟರು.

“ಮಲಗಿದಾಗ ಎದ್ದು ಹೋಗಿಬಿಡ್ತಾರೆ ಭಾಯ್. ಅವರ ಕಾಲಿಗೂ ನಿಮ್ಮ ಕಾಲಿಗೂ ಒಂದು ದಾರ ಕಟ್ಕಳ್ರಿ. ನಾನು ಹಂಗೇ ಮಾಡ್ತೀನಿ.”

“ನೀವು ಮೂರು ದಿನ ಆರಾಮ್ ನಿದ್ದಿ ಮಾಡ್ರಿ ಭಾಬಿ” ಎಂದ ಶಬ್ಬೀರ್.

ಆಕೆ ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡರು.

ತೆಪ್ಪದವನು ಗಿಡ್ಡಪ್ಪ. ಹೆಸರಿಗೆ ವಿರುದ್ಧವಾಗಿ ಆರಡಿ. ಗುರುಮೂರ್ತಿ ಹತ್ತಿದವನೇ, “ನಾನು ಮುಂದೆ ಕೂಡ್ತೀನಿ” ಎಂದ.

“ಕೂಡ್ರಿ ಸಾಹೇಬ್ರ” ಎಂದ ಗಿಡ್ಡಪ್ಪ. “ದುಂಡಗಿರೋ ತೆಪ್ಪದಾಗ ನೀವು ಎಲ್ಲಿ ಕುಂತ್ರೂ ಅರ್ಧ ತಾಸು ಮುಂದೆ, ಅರ್ಧ ತಾಸು ಹಿಂದೆ.”

ಕರಿಬಸವರಾಜ ತೆಪ್ಪದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದು ದುಂಡಗಿಲ್ಲ. ಈ ಕಡೆ ಎರಡು ಬೆರಳು ಔಟ್ ಐತೆ.”

“ಹೊಳಿ ಏನ್ ಸ್ಕೇಲ್ ಹಿಡ್ಕೊಂಡ್ ಕುಂತೈತೇನ್ರೀ ಯಜಮಾನ್ರ? ಹತ್ರಿ.”

ಕರಿಬಸವರಾಜ ಆ ಮಾತಿಗೆ ಗಟ್ಟಿಯಾಗಿ ನಕ್ಕ. ಅವನು ನಕ್ಕದ್ದನ್ನು ನೋಡಿ ನನಗೆಷ್ಟು ವರ್ಷವಾಗಿತ್ತೋ.

ಮೊದಲ ದಿನವಿಡೀ ಅವನು ಆ ಪ್ರಶ್ನೆ ಕೇಳಲಿಲ್ಲ. ನೀರು ತಿಳಿಯಾಗಿತ್ತು. ಗಿಡ್ಡಪ್ಪ ಹುಟ್ಟು ಹಾಕುತ್ತಿದ್ದ, ದಂಡೆಯ ಜಾಲಿಮರಗಳು, ಬಟ್ಟೆ ಒಗೆಯುವವರು, ಎಮ್ಮೆಗಳು ನಮ್ಮ ಸುತ್ತ ನಿಧಾನವಾಗಿ ತಿರುಗುತ್ತಿದ್ದವು. ಕರಿಬಸವರಾಜ ಅಂಗೈಯನ್ನು ನೀರಿಗೆ ಬಿಟ್ಟುಕೊಂಡು, ಇಲ್ಲಿ ಸುಳಿ ಇತ್ತು, ಅಲ್ಲಿ ಮರಳಿನ ದಿಬ್ಬ ಇತ್ತು, ಕಲ್ಲಂಗಡಿ ಹಾಕುತ್ತಿದ್ದರು ಎಂದು ತೋರಿಸುತ್ತಿದ್ದ. ದಿಬ್ಬ ಈಗ ಇರಲಿಲ್ಲ, ಲಾರಿಗಳಲ್ಲಿ ಹೊರಟುಹೋಗಿತ್ತು. ನಾವು ಹೂಂ ಎನ್ನುತ್ತಿದ್ದೆವು. ಮಧ್ಯಾಹ್ನ ಗುರುಮೂರ್ತಿ ಗಂಟಲು ಸರಿಮಾಡಿಕೊಂಡು, “ಕರಿಬಸಣ್ಣ, ಮನುಷ್ಯನ ಜೀವನದಾಗ...” ಎಂದು ಶುರುಮಾಡಿದ. ಅಷ್ಟರಲ್ಲಿ ತೆಪ್ಪ ಒಂದು ಸುತ್ತು ಜೋರಾಗಿ ತಿರುಗಿತು. ನೇತೃತ್ವ ವಹಿಸಿದವರು ಬಗ್ಗಿ ತುಂಗಭದ್ರೆಗೆ ಬೆಳಗಿನ ಉಪ್ಪಿಟ್ಟು ಅರ್ಪಿಸಿದರು.

ಸಂಜೆ ಐರಣಿ ದಾಟಿ ದಂಡೆಯಲ್ಲಿ ಇಳಿದಾಗ ಗುರುಮೂರ್ತಿ ನನ್ನ ಕಿವಿಯ ಹತ್ತಿರ ಬಂದು, “ಇವತ್ತು ಅವನಾ ಕೇಳ್ಲಿಲ್ಲ, ಖುಷಿಯಾಗವ್ನೆ. ಯಾಕ ಸುಮ್ನೆ ಕೆದಕೋದು” ಎಂದ. ಅವನ ಮುಖದಲ್ಲಿ ಪರೀಕ್ಷೆ ಮುಂದಕ್ಕೆ ಹೋದ ವಿದ್ಯಾರ್ಥಿಯ ನೆಮ್ಮದಿ ಇತ್ತು. ಬೈಯಬೇಕೆನಿಸಿತು. ಆದರೆ ನನಗೂ ಅಷ್ಟೇ ನೆಮ್ಮದಿಯಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಎರಡನೆಯ ದಿನ ಮಧ್ಯಾಹ್ನ ಹೊಂಗೆಮರದ ಕೆಳಗೆ ರೊಟ್ಟಿ ಬಿಚ್ಚಿದ್ದೆವು. ಕರಿಬಸವರಾಜ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗಿಡ್ಡಪ್ಪನ ಕಡೆ ತಿರುಗಿದ.

“ಆ ಲಾಟು ನಾನ ಪಾಸ್ ಮಾಡಿದ್ನೇನ್ರೀ?”

“ಯಾವ ಲಾಟ್ರೀ ಯಜಮಾನ್ರ?” ಎಂದ ಗಿಡ್ಡಪ್ಪ, ಬಾಯಿತುಂಬ ರೊಟ್ಟಿ.

ಗುರುಮೂರ್ತಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ರಾತ್ರಿಯೆಲ್ಲ ತಲೆಯಲ್ಲಿ ಕೂಡಿಸಿ ಬೆಳಿಗ್ಗೆ ಬರೆದದ್ದಂತೆ. ಶಬ್ಬೀರ್ ಅದನ್ನು ಕಿತ್ತುಕೊಂಡು ಓದಿದ: “‘ಆತ್ಮೀಯರೇ, ಅಂದಿನ ಅನಿವಾರ್ಯ ಪರಿಸ್ಥಿತಿಯ ಹಿನ್ನೆಲೆಯಲ್ಲಿ’... ಲೇ, ಇದು ಮಾಫಿಯೋ, ವಾರ್ಷಿಕ ವರದಿಯೋ?” ಕಾಗದವನ್ನು ಚಟ್ನಿಪುಡಿಯ ಕೆಳಗೆ ಹಾಸಿದ. “ಬಾಯಿಂದ ಹೇಳು.”

ಗುರುಮೂರ್ತಿ ಹೇಳಿದ. “ನೀನಲ್ಲ ಕರಿಬಸ. ಆಯುಧಪೂಜಿ ದಿನ ತಟ್ಟೆಯಿಂದ ನಿನ್ ಪಂಚ್ ತಗೊಂಡು ನಾನ ಹೊಡ್ದೆ. ನೀನು ಅದನ್ನ ಕಣ್ಣಿಲೆ ನೋಡೂ ಇಲ್ಲ.”

ಕರಿಬಸವರಾಜ ರೊಟ್ಟಿಯನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಅವನ ಮುಖದ ಮೇಲೆ ಇಪ್ಪತ್ತು ವರ್ಷ ಹಿಂದಿನ ಮುಖ ಬಂದು ಕೂತಿತು.

“ಒಂದೇ ಏಟಿಗೆ ಹೊಡ್ದ್ಯೋ, ಎರಡೋ?”

“ಎರಡು. ಕೆಲವುಕ್ಕೆ ಮೂರು.”

“ನಾನು ಒಂದೇ ಹೊಡೀತಿದ್ದೆ. ವಾಪಸ್ ಬಂದಾಗ ನೋಡ್ದೆ, ಗುರುತು ಜೋಡಿ ಇತ್ತು. ನನ್ನ ಕೈ ನಡುಗೈತೆ ಅನ್ಕೊಂಡೆ.” ಹೆಬ್ಬೆರಳಿನಿಂದ ಅಂಗೈ ಒತ್ತಿಕೊಂಡು, “ಪಂಚಿಗೆ ಕುಂಕುಮ ಇತ್ತಾ?”

“ಇತ್ತು.”

“ಒರಿಸ್ಲಿಲ್ಲಾ?”

“ಇಲ್ಲ.”

“ಅಂದ್ರೆ ನನ್ನ ಕಣ್ಣು ಸರಿ ಇದ್ವು” ಎಂದ ಕರಿಬಸವರಾಜ. ನಮಗಲ್ಲ, ಹೊಳೆಗೆ ಹೇಳಿದ ಹಾಗೆ. ಆಮೇಲೆ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಅತ್ತ. ಗಿಡ್ಡಪ್ಪ ಏನೂ ಅರ್ಥವಾಗದಿದ್ದರೂ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ, ಎದ್ದು ತೆಪ್ಪದ ಕಡೆ ಹೋದ.

ಅತ್ತು ಮುಗಿದ ಮೇಲೆ ಅವನು ಗುರುಮೂರ್ತಿಯನ್ನು ನೋಡಿ ಒಂದೇ ಮಾತು ಹೇಳಿದ: “ನೀ ನನ್ನ ಕೂಡ ಮಾತಾಡಬ್ಯಾಡ.”

ಮುಂದಿನ ಮೂರು ತಾಸು ನಮ್ಮ ಜೊತೆ ಇದ್ದದ್ದು ಹಳೆಯ ಹದಿನೇಳನೇ ನಂಬರು. ಬೆನ್ನು ನೆಟ್ಟಗಾಗಿತ್ತು. ಚಹಾಕ್ಕೆ ಸಕ್ಕರೆ ಕಡಿಮೆ ಎಂದ. ಶಬ್ಬೀರ್ ಕಟ್ಟಿದ ಗಂಟನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ. ನನ್ನ ಮೂಗಿನ ಮೇಲಿನ ಕನ್ನಡಕ ಒಂದು ಕಡೆ ವಾಲಿದೆ ಎಂದು ತಾನೇ ಸರಿಮಾಡಿದ. ಗುರುಮೂರ್ತಿಗೆ ಮಾತ್ರ ಬೆನ್ನು ತಿರುಗಿಸಿ ಕೂತ. ತೆಪ್ಪ ತಿರುಗಿದಂತೆಲ್ಲ ಪಟ್ಟು ಬಿಡದೆ ತಾನೂ ತಿರುಗಿ ಕೂರುತ್ತಿದ್ದ. ಆ ಬೆನ್ನನ್ನು ನೋಡುತ್ತ ಗುರುಮೂರ್ತಿ ಮೂಲೆಯಿಲ್ಲದ ತೆಪ್ಪದಲ್ಲಿ ಮೂಲೆ ಹುಡುಕುತ್ತಿದ್ದ. ಶಿಕ್ಷೆ ಸಿಕ್ಕಿತು, ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು.

ಹೊತ್ತು ಮುಳುಗುವ ಮುಂಚೆ ಕರಿಬಸವರಾಜ ತಾನಾಗಿ ತಿರುಗಿದ. ಸಿಟ್ಟು ಎಲ್ಲಿಯೋ ಕರಗಿಹೋಗಿತ್ತು. ಬೆನ್ನೂ ಬಾಗಿತ್ತು.

“ಗುರು, ಆ ಲಾಟು ನಾನ ಪಾಸ್ ಮಾಡಿದ್ನೇನೋ?”

ಗುರುಮೂರ್ತಿ ನನ್ನನ್ನು ನೋಡಿದ, ಶಬ್ಬೀರನನ್ನು ನೋಡಿದ. ಆಮೇಲೆ ಮೊದಲಿನಿಂದ ಹೇಳಿದ: ನೀನಲ್ಲ ಕರಿಬಸ, ನಾನ ಹೊಡ್ದೆ. ಮತ್ತೆ ಅದೇ ಪ್ರಶ್ನೆಗಳು, ಅದೇ ಅಳು, ಅದೇ ‘ನನ್ನ ಕಣ್ಣು ಸರಿ ಇದ್ವು’. ಆದರೆ ಈ ಸಲ ಕೊನೆಗೆ ಗುರುಮೂರ್ತಿಯ ಮಂಡಿಯ ಮೇಲೆ ಕೈಯಿಟ್ಟು, “ಹೋಗ್ಲಿ ಬಿಡಲೇ. ಲಾರಿ ನಿಂತಿತ್ತು, ನೀನಾದ್ರೂ ಏನ್ ಮಾಡ್ತಿ” ಎಂದ.

ಗುರುಮೂರ್ತಿ ಕ್ಷಮೆ ಸಿಕ್ಕಿತೆಂದು ಆ ರಾತ್ರಿ ಗೊರಕೆ ಹೊಡೆದು ಮಲಗಿದ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಕರಿಬಸವರಾಜ ಮತ್ತೆ ಕೇಳಿದ. ಈ ಸಲ ಕ್ಷಮಿಸಲಿಲ್ಲ, ಕಪಾಳಕ್ಕೆ ಹೊಡೆದ. ಕುರುವತ್ತಿ ಮುಟ್ಟುವುದರೊಳಗೆ ಇನ್ನೂ ಮೂರು ಸಲ ಹೇಳಬೇಕಾಯಿತು. ಕೊನೆಯ ಸಲ ಹೇಳುವಾಗ ಗುರುಮೂರ್ತಿಯ ದನಿಯಲ್ಲಿ ಅಧ್ಯಕ್ಷರು ಇರಲಿಲ್ಲ. ಬ್ಯಾನರ್ ತೆಪ್ಪದ ತಳದಲ್ಲಿ ನೆನೆದು ಬಿದ್ದಿತ್ತು, ಅದರ ಮೇಲೆ ಅವನೇ ಕಾಲಿಟ್ಟುಕೊಂಡು ಕೂತಿದ್ದ.

ವಿನೋಬನಗರದ ಮನೆಗೆ ಬಿಡಲು ಹೋದಾಗ ಆಶಾರಾಣಿಯವರಿಗೂ ಅವನೇ ಹೇಳಿದ. ನಿಂತುಕೊಂಡೇ ಹೇಳಿದ, ಆಕೆ ಕೂರಿ ಎನ್ನಲಿಲ್ಲ.

“ಹದಿನೈದು ವರ್ಷ ಗುರುಮೂರ್ತ್ಯಣ್ಣ” ಎಂದರು ಆಕೆ ಕೊನೆಗೆ. “ಮಲಗಿದಾಕಿನ್ನ ಎಬ್ಬಿಸಿ ಗ್ಯಾಸ್ ಆಫ್ ಐತೇನು ನೋಡು ಅಂತಿದ್ರು. ಎದ್ದು ಎದ್ದು ನೋಡೀನಿ. ಎಷ್ಟೋ ಸಲ ಬೈದೀನಿ ಅವರಿಗೆ. ಆ ಬೈದಿದ್ದನ್ನ ಈಗ ಎಲ್ಲಿ ಇಡ್ಲಿ ಹೇಳ್ರಿ?”

ಗುರುಮೂರ್ತಿ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ.

“ದಿನಾ ಸಂಜಿ ಬರ್ರಿ” ಎಂದರು. “ನಾ ಹೇಳಿದ್ರೆ ನಂಬಲ್ಲ. ಮಾಡಿದವ್ರಾ ಹೇಳಬೇಕು. ಅವ್ರು ಕೇಳೋತನಕ ಬರ್ರಿ.”

ಅವನು ಹೋದ. ಮಾತು ಕೊಟ್ಟು ತಪ್ಪಿಸಿಕೊಳ್ಳುವುದರಲ್ಲಿ ಹೆಸರಾದವನು ದಿನಾ ಸಂಜೆ ಐದೂವರೆಗೆ ಹೋದ. ಸಂಘದ ಸಭೆಗಳು ನಿಂತವು. ಸಂಘಕ್ಕೆ ಅದರಿಂದ ಒಳ್ಳೆಯದೇ ಆಯಿತು. ಕರಿಬಸವರಾಜ ಕೇಳುತ್ತಿದ್ದ, ಇವನು ಹೇಳುತ್ತಿದ್ದ. ಕೆಲವು ದಿನ ಕ್ಷಮೆ, ಕೆಲವು ದಿನ ಬೈಗುಳ, ಒಂದು ದಿನ ಕಾಫಿಯ ಲೋಟ ಹಣೆಗೆ ಬಂತು. ಹೇಳುವ ಮಾತು ದಿನದಿನಕ್ಕೆ ಸಣ್ಣದಾಗುತ್ತ ಬಂತು. ಇಷ್ಟು ವರ್ಷ ಭಾಷಣ ಮಾಡಿದ ಮನುಷ್ಯ ಒಂದೂ ಹೆಚ್ಚಿನ ಪದವಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಆ ಪಡಸಾಲೆಯಲ್ಲಿ ಮಾತ್ರ. ಪ್ರತಿ ದಿನ, ಬೈಗುಳವಿರಲಿ ಕ್ಷಮೆಯಿರಲಿ, ಅರ್ಧ ತಾಸು, ಮುಕ್ಕಾಲು ತಾಸು ಕರಿಬಸವರಾಜನ ಕಣ್ಣು ಸರಿ ಇರುತ್ತಿದ್ದವು. ಆಶಾರಾಣಿ ಆ ಹೊತ್ತಿಗೆ ಸರಿಯಾಗಿ ಸೊಪ್ಪು ತಂದು ಅವನ ಮುಂದೆ ಸುರಿಯುತ್ತಿದ್ದರು, ಅವನು ಒಂದೊಂದೇ ಎಲೆ ನೋಡಿ ಆರಿಸುತ್ತಿದ್ದ.

ಆಷಾಢದ ಹೊತ್ತಿಗೆ ಅವನು ಕೇಳುವುದು ಎರಡು ದಿನಕ್ಕೊಮ್ಮೆಯಾಯಿತು. ಆಮೇಲೆ ವಾರಕ್ಕೊಮ್ಮೆ. ಶ್ರಾವಣದಲ್ಲಿ ನಿಂತುಹೋಯಿತು. ಗುರುಮೂರ್ತಿ ಆದರೂ ಹೋಗುತ್ತಿದ್ದ. ಎದುರಿನ ಕುರ್ಚಿಯಲ್ಲಿ ಕೂತು ಅವನ ಬಾಯಿಯನ್ನೇ ನೋಡುತ್ತಿದ್ದ.

“ಏನಾರ ಕೇಳೋದೈತೇನೋ ಕರಿಬಸ?”

ಕರಿಬಸವರಾಜ ಕಿಟಕಿಯ ಕಡೆ ನೋಡುತ್ತಿದ್ದ.

ಹೋದ ವಾರ ನಾನೂ ಜೊತೆಗಿದ್ದೆ. ಬಹಳ ಹೊತ್ತು ಕಾದ ಮೇಲೆ ಗುರುಮೂರ್ತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೇಳದಿದ್ದರೂ ತಾನಾಗಿಯೇ ಹೇಳಿದ: ಒಂದು ಕಾರ್ಖಾನೆ ಇತ್ತು, ಒಬ್ಬ ಇನ್‌ಸ್ಪೆಕ್ಟರ್ ಇದ್ದ, ಆಯುಧಪೂಜೆಯ ದಿನ ಇನ್ನೊಬ್ಬ ಅವನ ಪಂಚು ಕದ್ದು ಹೊಡೆದ, ಅವನದೇನೂ ತಪ್ಪಿರಲಿಲ್ಲ.

ಕರಿಬಸವರಾಜ ಪೂರ್ತಿ ಕೇಳಿಸಿಕೊಂಡ. ಮನೆಗೆ ಬಂದ ಅಪರಿಚಿತರ ಮಾತನ್ನು ಕೇಳುವ ಹಾಗೆ, ಮರ್ಯಾದೆಯಿಂದ, ನಡುವೆ ನಡುವೆ ತಲೆ ಆಡಿಸುತ್ತ.

“ಪಾಪ” ಎಂದ. “ಅವರಿಗೆ ಯಾರಾದ್ರೂ ಹೋಗಿ ಹೇಳಿದ್ರೇನ್ರೀ?”

ನಲವತ್ತು ವರ್ಷದ ಗೆಳೆತನದಲ್ಲಿ ಅವನು ಗುರುಮೂರ್ತಿಗೆ ಒಂದು ದಿನವೂ ‘ರೀ’ ಎಂದವನಲ್ಲ.

“ಹೇಳೀನ್ರೀ” ಎಂದ ಗುರುಮೂರ್ತಿ. “ತಡ ಆತು.”

“ಹೇಳಿದ್ರಲ್ಲ, ಅಷ್ಟ್ ಸಾಕು ಬಿಡ್ರಿ” ಎಂದು ಕರಿಬಸವರಾಜ ಮತ್ತೆ ಕಿಟಕಿಯ ಕಡೆ ತಿರುಗಿದ. ಒಳಗಿನಿಂದ ಆಶಾರಾಣಿ ಎರಡು ಲೋಟ ಕಾಫಿ ತಂದಿಟ್ಟರು. ಗುರುಮೂರ್ತಿ ಕುಡಿಯಲಿಲ್ಲ, ಏಳಲೂ ಇಲ್ಲ. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದ, ಇನ್ನೊಂದು ಸಲ ಕೇಳಿಯಾನು ಎಂದು.